ತಲೆಕೆಳಗಾಗಿ ಬಂದ ಅತ್ತೆ

"ನೋಡ್ತಿರು! ನಿಮ್ಮಮ್ಮ ಕಣ್ಣು ಬಿಟ್ಟಿರೋ ಫೋಟೋ ತೆಗೆದು ಈ ಹಾಲಿನ ಗೋಡೆಗೆ ತೂಗುಹಾಕದೇ ಇದ್ರೆ, ಈ ಜನ್ಮದಲ್ಲಿ ಕ್ಯಾಮೆರಾ ಅನ್ನೋ ಪದ ಬಾಯಲ್ಲಿ ಎತ್ತಲ್ಲ!"

ಹೀಗಂತ ನಾನು ಘೋಷಿಸಿದ್ದು ಊಟದ ಮೇಜಿನ ಮುಂದೆ ನಿಂತು, ಕೈಯಲ್ಲಿ ಸೌಟು ಎತ್ತಿಹಿಡಿದು. ಸಾಮಾನ್ಯವಾಗಿ ನನ್ನ ಘೋಷಣೆಗಳಿಗೆ ನನ್ನವಳು ಕೊಡುವ ಉತ್ತರ "ಮೊದಲು ಸೌಟು ಕೆಳಗಿಡಿ" ಅನ್ನೋದು. ಆವತ್ತು ಹಾಗನ್ನಲಿಲ್ಲ. "ನಿಜವಾಗ್ಲೂ ಆಗುತ್ತೇನ್ರೀ?" ಅಂದಳು. ಆ ಧ್ವನಿ ಕೇಳಿ ನನಗೇ ಒಂದು ಕ್ಷಣ ಗಾಬರಿಯಾಯಿತು.

ಅತ್ತೆಯ ಕಣ್ಣಿನ ವಿಷಯ ಸ್ವಲ್ಪ ಹೇಳಬೇಕು. ಕಣ್ಣಿಗೇನೂ ಆಗಿಲ್ಲ, ಚುರುಕಾಗೇ ಇದೆ. ಸೂಜಿಗೆ ದಾರ ಪೋಣಿಸ್ತಾರೆ, ಬೀದಿಯ ಆ ತುದಿಯಲ್ಲಿ ಬರೋ ಬಸ್ಸಿನ ಬೋರ್ಡು ಓದ್ತಾರೆ, ನನ್ನ ಅಂಗಿಯಲ್ಲಿ ಉದುರಿಹೋದ ಗುಂಡಿಯನ್ನು ಬಾಗಿಲಲ್ಲೇ ಪತ್ತೆ ಹಚ್ತಾರೆ. ಆದರೆ ಕ್ಯಾಮೆರಾ 'ಕ್ಲಿಕ್' ಅನ್ನುವ ಆ ಒಂದು ಗಳಿಗೆಗೆ ಸರಿಯಾಗಿ ರೆಪ್ಪೆ ಮುಚ್ಚಿಬಿಡ್ತಾರೆ! ನಮ್ಮ ಮದುವೆ ಆಲ್ಬಮ್ಮಿನಲ್ಲಿ ಹೆಣ್ಣಿನ ತಾಯಿ ಮೊದಲಿಂದ ಕೊನೆಯವರೆಗೆ ನಿಂತೇ ನಿದ್ದೆ ಹೊಡೆದಿದ್ದಾರೆ. ಗುರುತಿನ ಚೀಟಿಯಲ್ಲಿ ಧ್ಯಾನ. ನನ್ನ ಭಾವಮೈದುನನ ಮಗುವನ್ನು ಎತ್ತಿಕೊಂಡ ಫೋಟೋದಲ್ಲಿ ಕೂಸು ಕಣ್ಣರಳಿಸಿ ಕೂತಿದೆ, ಅಜ್ಜಿಯನ್ನು ಯಾರೋ ತೂಗಿ ಮಲಗಿಸಿದ್ದಾರೆ. ಮೊಬೈಲಿನಲ್ಲಿ ಪಟಪಟನೆ ಸಾಲಾಗಿ ತೆಗೆದು ನೋಡಿದೆ. ಪಟಪಟನೆ ಸಾಲಾಗಿ ಮುಚ್ಚಿದರು.

ನಾನು ನಗುತ್ತಿದ್ದೆ. ನನ್ನವಳು ನಗಲಿಲ್ಲ.

"ಅಪ್ಪ ಹೋದ್ಮೇಲೆ ಮನೆಯೆಲ್ಲ ಹುಡುಕಿದ್ವಿ. ಸಿಕ್ಕಿದ್ದು ಒಂದೇ ಒಂದು ಗುಂಪಿನ ಫೋಟೋ. ಅದರಲ್ಲೂ ಅಪ್ಪನ ಮುಖ ಮುಂದಿನವರ ತಲೆ ಹಿಂದೆ! ಈಗ ಅಪ್ಪನ್ನ ನೆನೆಸ್ಕೊಂಡ್ರೆ ಬರೀ ಹಣೆ ಕಾಣುತ್ತೆ. ಅಮ್ಮಂದಾದ್ರೂ ಒಂದು ಬೇಕು ಕಣ್ರೀ. ನನ್ನ ಕಡೆ ನೋಡ್ತಿರೋ ಹಾಗೆ."

ಹೆಂಡತಿ ಹೀಗಂದ ಮೇಲೆ ಸೌಟು ಹಿಡಿದ ಗಂಡಸು ಹಿಂದೆ ಸರಿಯೋದುಂಟೇ? ಫೋಟೋಗ್ರಫಿಯ ಮೂಲಕ್ಕೇ ಕೈ ಹಾಕಿದೆ! ಬೀದಿ ತುದಿಯಲ್ಲಿ ನನ್ನ ಶಾಲೆಯ ಸಹಪಾಠಿಯೊಬ್ಬ ಸ್ಟುಡಿಯೋ ಇಟ್ಟಿದ್ದ. ಅದನ್ನು ಮುಚ್ಚಿ ಸಾಮಾನು ಹಂಚುತ್ತಿದ್ದ. ಅವನೆದುರು ಹೋಗಿ ಕೂತೆ. ಅಂದರೆ ಕೂತೆ, ಎದ್ದೆ, ಡಬ್ಬಿ ಮುಟ್ಟಿದೆ, ಕಿಟಕಿಯಲ್ಲಿ ಇಣುಕಿದೆ, ಮತ್ತೆ ಕೂತೆ. ಸುಮ್ಮನೆ ಕೂರೋದು ನನ್ನ ರಕ್ತದಲ್ಲೇ ಇಲ್ಲ.

"ಕ್ಯಾಮೆರಾ ಅಂದ್ರೆ ಏನು ಗೊತ್ತೇನೋ?" ಅಂದ ಅವನು. "ಕತ್ತಲೆ ಕೋಣೆ. ಅಷ್ಟೇ. ಕೋಣೆ ಪೂರ್ತಿ ಕತ್ತಲೆ ಮಾಡಿ ಕಿಟಕಿಯಲ್ಲಿ ಒಂದು ಸಣ್ಣ ತೂತು ಬಿಡು. ಹೊರಗಿರೋದೆಲ್ಲ ಒಳಗಿನ ಗೋಡೆ ಮೇಲೆ ಬಂದು ಕೂರುತ್ತೆ. ಆ ಗೋಡೆಗೆ ಫೋಟೋ ಕಾಗದ ಅಂಟಿಸಿದ್ರೆ ಬೆಳಕು ತಾನೇ ಬರ್ಕೊಳ್ಳುತ್ತೆ. ಲೆನ್ಸೂ ಬೇಡ, ಗುಂಡಿ ಒತ್ತೋದೂ ಬೇಡ."

"ಗುಂಡಿನೇ ಇಲ್ವಾ? ಅಂದ್ರೆ... ಕ್ಲಿಕ್ಕೂ ಇಲ್ಲ?"

"ಯಾವ ಕ್ಲಿಕ್ಕೂ ಇಲ್ಲ. ಆದರೆ ನಿಧಾನ. ಅರ್ಧ ಗಂಟೆ ಹಿಡಿಯುತ್ತೆ. ಎದುರಿಗಿರೋರು ಅಲ್ಲಾಡಬಾರದು. ಇದು ನಿನ್ನಂಥವನ ಕೆಲಸ ಅಲ್ಲ ಬಿಡು, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯ."

ಕೊನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಕ್ಲಿಕ್ಕೇ ಇಲ್ಲದ ಕ್ಯಾಮೆರಾ! ಇನ್ನು ಅತ್ತೆ ರೆಪ್ಪೆ ಮುಚ್ಚೋದು ಯಾವಾಗ? ಅವನು ಕೊಟ್ಟ ಕಾಗದದ ಸುರುಳಿ, ಫೋಟೋ ತೊಳೆಯುವ ಔಷಧಿ ಬಾಟಲಿ, ಕಾಗದಕ್ಕೆ ಹಾನಿ ಮಾಡದ ಕೆಂಪು ಬಲ್ಬು ಎಲ್ಲವನ್ನೂ ಕಂಕುಳಲ್ಲಿ ಅವುಚಿಕೊಂಡು ಮನೆಗೆ ಓಡಿದೆ.

ಯೋಜನೆ ಅದ್ಭುತವಾಗಿತ್ತು, ನಾನೇ ಹೇಳ್ತೀನಿ. ನಮ್ಮ ಮಲಗುವ ಕೋಣೆಯ ಕಿಟಕಿ ನೇರ ಬೀದಿಗೆ. ಬೀದಿಯಾಚೆ ಬಸ್ ಸ್ಟಾಪು, ಅಲ್ಲೊಂದು ಕಲ್ಲಿನ ಬೆಂಚು. ಭಾನುವಾರ ಅತ್ತೆ ಬರುವವರಿದ್ದರು. ಮಧ್ಯಾಹ್ನದ ಬಸ್ಸಿಗೆ ಬಂದಿಳಿದು ಊಟ ಮಾಡಿದ ಮೇಲೆ, ಬಿಸಿಲು ಕಾಯಿಸುವ ನೆಪದಲ್ಲಿ ಅವರನ್ನು ಆ ಬೆಂಚಿನ ಮೇಲೆ ಕೂರಿಸುವುದು, ಕೈಗೆ ಒಂದು ಬುಟ್ಟಿ ಬಟಾಣಿ ಕೊಟ್ಟು ಸುಲಿಯಲು ಹೇಳುವುದು, ಒಳಗೆ ನಾವು ಗುಟ್ಟಾಗಿ ತೂತು ತೆಗೆಯುವುದು. ಅತ್ತೆಗೆ ಫೋಟೋದ ವಾಸನೆಯೂ ಬಡಿಯಬಾರದು!

ಬೆಳಗ್ಗೆಯೇ ಕೆಲಸಕ್ಕೆ ಇಳಿದೆವು. ಕಿಟಕಿಗೆ ಕಬ್ಬಿಣದ ಸರಳು ಮೊದಲೇ ಇತ್ತು, ಅದರ ಒಳಗಡೆಯಿಂದ ಚೌಕಟ್ಟಿಗೆ ಪ್ಲೈವುಡ್ ಹಲಗೆ ಬಡಿದೆ. ನಡುವೆ ಒಂದು ಸಣ್ಣ ತೂತು, ಅದಕ್ಕೊಂದು ಬಿರಡೆ. ಸಂದುಗೊಂದುಗಳಿಗೆಲ್ಲ ಕಪ್ಪು ಟೇಪು. ಮೊಬೈಲುಗಳನ್ನು ಹಾಲಿನಲ್ಲೇ ಬಿಡಿಸಿದೆ, ಅದರ ಬೆಳಕಿಗೆ ಕಾಗದ ಹಾಳಾಗಬಾರದಲ್ಲ! ಸುತ್ತಿಗೆಯನ್ನು ಅದರ ಜಾಗಕ್ಕೇ ಇಟ್ಟು ಬನ್ನಿ ಅಂತ ನನ್ನವಳು ಹೇಳಿದ್ದರಿಂದ ಅದನ್ನೂ ಹಾಲಿನಲ್ಲಿಟ್ಟು ಬಂದೆ. ಬಾಗಿಲು ಹಾಕಿದರೂ ಅದರ ಸುತ್ತ ಬೆಳಕಿನ ಗೆರೆ ಉಳಿಯಿತು. "ಬೀರು ತಳ್ಳೋಣ!" ಅಂದೆ. ಇಬ್ಬರೂ ಬೆನ್ನು ಕೊಟ್ಟು ಬಟ್ಟೆ ತುಂಬಿದ ಕಬ್ಬಿಣದ ಬೀರುವನ್ನು ಬಾಗಿಲಿಗೆ ಅಡ್ಡ ತಳ್ಳಿದೆವು. ಅದು ಗಡಗಡ ಅಂತ ಜಾರಿ, ಬಾಗಿಲ ಮುಂದಿನ ಒಡೆದ ಟೈಲ್ಸಿನ ಗುಂಡಿಯಲ್ಲಿ ಕಾಲೂರಿ 'ಧಡ್' ಅಂತ ನಿಂತಿತು. ಎಷ್ಟು ಅಚ್ಚುಕಟ್ಟಾಗಿ ಕೂತಿತು ಅಂದರೆ, ನಾನು ಅದರ ಬೆನ್ನು ತಟ್ಟಿದೆ.

ಪೂರ್ತಿ ಕತ್ತಲೆ. "ಸಿದ್ಧವಾಗಿದ್ದೀಯಾ?" ಅಂದೆ.

"ಬೇಗ ತೋರ್ಸಿ, ಒಲೆ ಕೆಲಸ ಬಾಕಿ ಇದೆ."

ಬಿರಡೆ ತೆಗೆದೆ.

ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಒಗ್ಗುತ್ತಾ ಬಂದ ಹಾಗೆ ಎದುರು ಗೋಡೆಯ ಮೇಲೆ ಏನೋ ಅಲುಗಿತು. ಆಮೇಲೆ... ಅಬ್ಬಾ! ನಮ್ಮ ಬೀದಿಗೆ ಬೀದಿಯೇ ಒಳಗೆ ಬಂದುಬಿಟ್ಟಿತ್ತು! ತಲೆಕೆಳಗಾಗಿ! ಕೆಳಗೆ ನೆಲದ ಹತ್ತಿರ ನೀಲಿ ಆಕಾಶ, ಮೇಲೆ ಸೂರಿನಡಿ ರಸ್ತೆ. ಲಾಂಡ್ರಿಯವನ ಸೈಕಲ್ಲು ಸೂರಿಗೆ ಚಕ್ರ ಅಂಟಿಸಿಕೊಂಡು ಸದ್ದಿಲ್ಲದೆ ಹೋಯಿತು. ಮರದ ಎಲೆಗಳು ಅಲ್ಲಾಡುತ್ತಿದ್ದವು, ಹಸಿರು ಹಸಿರಾಗೇ! ಕೆಂಪು ಅಂಗಿ ಕೆಂಪಾಗೇ! ದಿನಾ ಆಫೀಸಿಗೆ ಹೋಗುವಾಗ ತಿರುಗಿಯೂ ನೋಡದ ಬೀದಿ ಅದು. ಈಗ ಬಾಯಿ ಕಳೆದು ನಿಂತಿದ್ದೆ.

"ರೀ..." ಅಂದಳು ನನ್ನವಳು ಪಿಸುಮಾತಿನಲ್ಲಿ. "ಇದು ಯಾವಾಗ್ಲೂ ಹೀಗೆ ಒಳಗೆ ಬರ್ತಾನೇ ಇತ್ತಾ?"

"ಬರ್ತಾನೇ ಇತ್ತು. ಕಿಟಕಿ ತುಂಬ ತೆರೆದಿಟ್ಟಿದ್ವಲ್ಲ, ಹಗಲಿನ ಬೆಳಕೆಲ್ಲ ಒಟ್ಟಿಗೆ ನುಗ್ಗಿ ಕಾಣಿಸ್ತಿರಲಿಲ್ಲ ಅಷ್ಟೆ."

ಅವಳು ಕೈಚಾಚಿದಳು. ಅಂಗೈ ಮೇಲೆ ಒಂದು ಪುಟ್ಟ ಮರ ಅಲ್ಲಾಡಿತು. ಮದುವೆಯಾದ ಮೇಲೆ ನನ್ನ ಯಾವ ಕೆಲಸಕ್ಕೂ ಅವಳು ಅಷ್ಟು ಹೊತ್ತು ಸುಮ್ಮನಿದ್ದಿದ್ದಿಲ್ಲ.

ಆಮೇಲೆ ಬಿರಡೆ ಹಾಕಿ, ಕೆಂಪು ಬಲ್ಬು ಹೊತ್ತಿಸಿ, ಕಾಗದದ ದೊಡ್ಡ ಹಾಳೆ ಬಿಚ್ಚಿ ಗೋಡೆಗೆ ಅಂಟಿಸಿದೆವು. "ಇನ್ನು ಯಾವ ಕಾರಣಕ್ಕೂ ಬಿರಡೆ ತೆಗೀಬಾರದು!" ಅಂತ ಅಪ್ಪಣೆ ಕೊಟ್ಟೆ. "ನಡಿ, ಹೊರಗೆ ಹೋಗೋಣ."

ಬೀರು ಎಳೆದೆವು. ಬರಲಿಲ್ಲ.

ತಳ್ಳುವಾಗ ಬೆನ್ನು ಕೊಡಬಹುದಿತ್ತು, ಎಳೆಯಲು ಹಿಡಿಯುವುದೇನನ್ನು? ನುಣ್ಣನೆಯ ಕಬ್ಬಿಣ! ಎದುರಿಂದ ಎಳೆದೆ, ಪಕ್ಕದಿಂದ ಎಳೆದೆ, ಸಂದಿಯಲ್ಲಿ ಬೆರಳು ತೂರಿಸಿ ಉಗುರು ಮುರಿದುಕೊಂಡೆ. ಜಪ್ಪಯ್ಯ ಅಂದರೂ ಬೀರು ಅಲ್ಲಾಡಲಿಲ್ಲ.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಲೇಬೇಕಾಗಿದೆ. ನಾನು ಲಿಫ್ಟ್ ಕಂಪನಿಯೊಂದರ ದೂರು ವಿಭಾಗದವನು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಫೋನ್ ಮಾಡಿದರೆ ಸಮಾಧಾನ ಹೇಳುವುದೇ ನನ್ನ ಕೆಲಸ.

"ಗಾಬರಿ ಆಗ್ಬೇಡಿ, ಜನ ಬರ್ತಿದ್ದಾರೆ. ಉಸಿರು ನಿಧಾನಕ್ಕೆ ತಗೊಳ್ಳಿ," ಅಂದಳು ನನ್ನವಳು, ಥೇಟ್ ನನ್ನ ಧ್ವನಿಯಲ್ಲಿ.

"ತಮಾಷೆ ಮಾಡಬೇಡ!"

"ನಾನೆಲ್ಲಿ ಮಾಡಿದೆ? ಇಷ್ಟೂ ಮಾಡಿದ್ದು ನೀವು."

ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು.

ಕೆಂಪು ಬೆಳಕಿನಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮತ್ತೆ ಬೆಲ್. ಹಾಲಿನಲ್ಲಿ ಅವಳ ಮೊಬೈಲು ಬಡಕೊಂಡಿತು. ಅದು ನಿಂತ ಮೇಲೆ ನನ್ನದು.

"ಅಮ್ಮ! ಬೆಳಗಿನ ಬಸ್ಸಿಗೇ ಬಂದ್ಬಿಟ್ಟಿದ್ದಾಳೆ!" ಅಂದವಳೇ ನನ್ನವಳು ಕಿಟಕಿಗೆ ಹಾರಿ ಬಿರಡೆ ಕಿತ್ತು ಬಿಸಾಡಿದಳು.

"ಕಾಗದಾ! ಕಾಗದ ಹಾಳಾಗುತ್ತೆ ಕಣೇ!"

"ಕಾಗದ ಹೆಚ್ಚಾ, ನಮ್ಮಮ್ಮ ಹೆಚ್ಚಾ?"

ಇದಕ್ಕೆ ಉತ್ತರ ಕೊಡುವಷ್ಟು ದಡ್ಡ ನಾನಲ್ಲ. ತೆಪ್ಪಗೆ ಕೆಂಪು ಬಲ್ಬು ಆರಿಸಿದೆ. ಗೋಡೆಯ ಮೇಲೆ, ಕಾಗದದ ಮೇಲೆ, ಬೀದಿ ಮತ್ತೆ ಮೂಡಿತು. ಸೂರಿನಿಂದ ಇಳಿಬಿದ್ದ ಹಾಗೆ ಅತ್ತೆ ಬ್ಯಾಗು ಹಿಡಿದು ನಮ್ಮ ಮನೆಗೆ ಬೆನ್ನು ಹಾಕಿ ರಸ್ತೆ ದಾಟುತ್ತಿದ್ದರು! ಬಸ್ ಸ್ಟಾಪಿಗೆ ಹೋದರು. ಬೆಂಚಿನ ಮೇಲೆ ಕೂತರು. ನಮ್ಮ ಮನೆಯ ಕಡೆ ತಿರುಗಿದರು. ಅಷ್ಟೇ.

"ಕೂತ್ಬಿಟ್ಳು," ಅಂದಳು ನನ್ನವಳು, ಬಿಕ್ಕಳಿಕೆಯ ಅಂಚಿನಲ್ಲಿ.

ಅತ್ತೆಯ ಸಿಟ್ಟು ಕಂಡವರಿಗೆ ಮಾತ್ರ ಇದರ ಅರ್ಥ ಆಗುತ್ತೆ. ಅವರು ಕೂಗಾಡುವವರಲ್ಲ, ಪಾತ್ರೆ ಎಸೆಯುವವರಲ್ಲ. ಕೂರ್ತಾರೆ. ಕೂತರೆ ಮುಗೀತು, ಒಂದು ಕೂದಲೂ ಅಲ್ಲಾಡಲ್ಲ. ಒಮ್ಮೆ ತಮ್ಮ ನಾದಿನಿಯ ಮನೆಯಲ್ಲಿ ಹೀಗೇ ಕೂತು ಎದ್ದವರು ಇವತ್ತಿನವರೆಗೂ ಅತ್ತ ಕಾಲಿಟ್ಟಿಲ್ಲ.

"ಬಸ್ ಹತ್ತಿ ಹೋದ್ರೆ ಇನ್ನು ಈ ಮನೆಗೆ ಬರಲ್ಲ ಕಣ್ರೀ! ಕೂಗ್ರೀ!"

ತೂತಿಗೆ ಬಾಯಿ ಕೊಟ್ಟು ಕೂಗಿದೆ. "ಅತ್ತೇ! ಅತ್ತೇ! ನಾವು ಒಳಗಿದ್ದೀವಿ!"

ಬಾಯಿ ಕೊಟ್ಟ ಕೂಡಲೇ ಬೆಳಕು ನಿಂತಿತು, ಬೀದಿ ಮಾಯ!

"ಅಯ್ಯೋ, ಅಮ್ಮ ಕಾಣಿಸ್ತಿಲ್ಲ! ತೂತಿಂದ ಬಾಯಿ ತೆಗೀರಿ! ಕೇಳಿಸ್ತೋ ಇಲ್ವೋ ನೋಡಬೇಕು!"

ಬಾಯಿ ತೆಗೆದೆ. ಅತ್ತೆ ಕೂತಲ್ಲೇ ಇದ್ದರು. ಮತ್ತೆ ಕೂಗಿದೆ, ಮತ್ತೆ ಕತ್ತಲೆ. ಕೂಗಿದರೆ ನೋಡೋ ಹಾಗಿಲ್ಲ, ನೋಡಿದರೆ ಕೂಗೋ ಹಾಗಿಲ್ಲ! ದಾರಿಹೋಕನೊಬ್ಬ ನಿಂತು ನಮ್ಮ ಗೋಡೆಯನ್ನು ದಿಟ್ಟಿಸಿ, ಸುತ್ತ ನೋಡಿ, ಸರಸರ ಹೆಜ್ಜೆ ಹಾಕಿದ. ಮಾತಾಡುವ ಮನೆ ಅಂತ ಅಂದುಕೊಂಡಿರಬೇಕು. ನಾನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ, ಬೀರುವಿಗೆ ಒದ್ದೆ, ಹಲಗೆಗೆ ಗುದ್ದಿದೆ, ಮಂಚ ಎಡವಿದೆ. ಅತ್ತೆ ಮಾತ್ರ ಗೋಡೆಯ ಮೇಲೆ ಕಲ್ಲಾಗಿ ಕೂತಿದ್ದರು.

ಆಗ ಗೋಡೆಯ ಒಂದು ಅಂಚಿನಿಂದ ಬಸ್ ಬಂತು. ದೊಡ್ಡದಾಗಿ, ತಲೆಕೆಳಗಾಗಿ, ಚಕ್ರ ಮೇಲೆ ಮಾಡಿಕೊಂಡು ತೇಲುತ್ತಾ ಬಂದು ಬೆಂಚನ್ನು ಪೂರ್ತಿ ಮುಚ್ಚಿ ನಿಂತಿತು. ನನ್ನವಳು ನನ್ನ ಕೈ ಹಿಡಿದಳು. ಯಾರೋ ಹತ್ತುತ್ತಿರಬೇಕು, ಯಾರೋ ಇಳಿಯುತ್ತಿರಬೇಕು. ಯಾರು ಅಂತ ಕಾಣುವಂತಿರಲಿಲ್ಲ. ನಾನು ಆ ಗಳಿಗೆಯಲ್ಲಿ ಫೋಟೋ ಮರೆತೆ, ಕಾಗದ ಮರೆತೆ, ನನ್ನ ಘೋಷಣೆಯನ್ನೂ ಮರೆತೆ. ದೇವರೇ, ಆ ಹೆಂಗಸು ಬೆಂಚಿನ ಮೇಲೇ ಇರಲಿ ಅಂತ ಮನಸಾರೆ ಬೇಡಿಕೊಂಡೆ.

ಬಸ್ ಸರಿಯಿತು.

ಅತ್ತೆ ಇದ್ದರು! ಅದೇ ಭಂಗಿ, ಅದೇ ಬ್ಯಾಗು! ನನ್ನವಳು ಅತ್ತೇಬಿಟ್ಟಳು. ಬೇರೇನೂ ತೋಚದೆ ಇಬ್ಬರೂ ಮಂಚದ ಅಂಚಿನಲ್ಲಿ ಕೂತು ಅವರನ್ನೇ ನೋಡಿದೆವು. ಎಷ್ಟು ಹೊತ್ತು ನೋಡಿದೆವೋ ಗೊತ್ತಿಲ್ಲ. ಅತ್ತೆಯನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ಒಬ್ಬಂಟಿ ಬಸ್ಸಿನಲ್ಲಿ ಬಂದು, ಬ್ಯಾಗನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡು, ಮಗಳ ಮನೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತ ಒಬ್ಬ ವಯಸ್ಸಾದ ತಾಯಿ.

ಕೊನೆಗೆ ಅವರು ಎದ್ದರು. ರಸ್ತೆ ದಾಟಿ ನಮ್ಮ ಕಡೆಗೇ ಬಂದರು. ಗೋಡೆಯ ಮೇಲೆ ದೊಡ್ಡದಾಗುತ್ತಾ, ದೊಡ್ಡದಾಗುತ್ತಾ, ಇಡೀ ಗೋಡೆಯೇ ಆಗಿ, ಪಕ್ಕನೆ ಕತ್ತಲೆಯಾಯಿತು. ತೂತಿನಿಂದ ಧ್ವನಿ ಬಂತು.

"ಅಳಿಯಂದ್ರೇ, ಕೂಗಿ ಮುಗೀತಾ?"

"ಅತ್ತೇ! ಕೇಳಿಸ್ತಾ ಇತ್ತಾ ನಿಮಗೆ?"

"ಮೊದಲನೇ ಕೂಗಿಗೇ ಕೇಳಿಸ್ತು. ಬೆಲ್ ಮಾಡಿದಾಗ ಬಾಗಿಲು ತೆಗೀದೋರು ಎಷ್ಟು ಹೊತ್ತು ಬಡ್ಕೋತಾರೆ ನೋಡೋಣ ಅಂತ ಕೂತೆ. ನಿಂತುಹೋಯ್ತಲ್ಲ, ಅದಕ್ಕೇ ಭಯ ಆಗಿ ಬಂದೆ. ಏನಾಗಿದೆ?"

ನನ್ನವಳು ಅಳುತ್ತಲೇ ಬೀರುವಿನ ಕಥೆ ಹೇಳಿದಳು.

"ಬೀರು ಖಾಲಿ ಮಾಡಿದ್ರಾ?"

ದೂರು ವಿಭಾಗದ ಇಷ್ಟು ವರ್ಷಗಳ ಅನುಭವಿ ನಾನು ಆ ಕತ್ತಲೆಯಲ್ಲಿ ನೆಲ ಬಾಯಿ ಬಿಡಬಾರದೇ ಅಂದುಕೊಂಡೆ.

"ಬಟ್ಟೆಯೆಲ್ಲ ತೆಗೆದು ಕೆಳಗೆ ಹಾಕಿ, ಹಗುರಾಗುತ್ತೆ. ಒಂದು ಕಾಲು ಎತ್ತಿ, ಗುಂಡಿಗೆ ಮಡಚಿದ ಟವೆಲ್ ತುರುಕಿ, ಎಳೀರಿ. ಮುಂಬಾಗಿಲ ಕೀಲಿ ಹೂಕುಂಡದ ಕೆಳಗೇ ಇದೆ ತಾನೇ?"

ಅಷ್ಟರಲ್ಲಿ ನನ್ನವಳು ಒಂದು ಕೆಲಸ ಮಾಡಿದಳು. ಬಿರಡೆ ಹುಡುಕಿ ತೂತು ಮುಚ್ಚಿ, ಕೆಂಪು ಬಲ್ಬಿನ ಬೆಳಕಿನಲ್ಲಿ ಗೋಡೆಯ ಕಾಗದ ಬಿಡಿಸಿ, ಸುರುಳಿ ಸುತ್ತಿ ಅದು ಬಂದಿದ್ದ ಕಪ್ಪು ಚೀಲಕ್ಕೇ ತೂರಿಸಿದಳು. "ಅದು ಹಾಳಾಗಿದೆ ಬಿಡೇ," ಅಂದೆ. "ಇರಲಿ," ಅಂದಳು. ಆಮೇಲೆ ಬೀರು ಖಾಲಿ ಮಾಡಿ ಎಳೆದೆವು. ಗಂಡ ಹೆಂಡತಿ ಇಬ್ಬರೂ ಬಟ್ಟೆಯ ಗುಡ್ಡದ ಮೇಲೆ ಬಿದ್ದೆವು. ಬಾಗಿಲು ತೆರೆದು ಅತ್ತೆ ನಿಂತು ನೋಡಿದರು. ನನ್ನ ಅಂಗಿಯ ಗುಂಡಿ ಒಂದು ಹೋಗಿತ್ತು. ಅದನ್ನೇ ಮೊದಲು ನೋಡಿದರು.

ಊಟವಾದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೆಂಪು ಬಲ್ಬಿನಡಿ ನಾವು ಮೂವರೂ ಬಗ್ಗಿ ಕೂತೆವು. ಕಾಗದವನ್ನು ಔಷಧಿಯಲ್ಲಿ ಅದ್ದಿದೆ. ಬಿಳಿ. ಬರೀ ಬಿಳಿ. "ಹೇಳಲಿಲ್ವಾ..." ಅಂತ ಬಾಯಿ ತೆರೆಯುವಷ್ಟರಲ್ಲಿ ಹೊಗೆಯಂಥದ್ದೇನೋ ಮೂಡಿತು. ಬೆಂಚು ಬಂತು. ಬೆಂಚಿನ ಮೇಲೆ ಯಾರೋ ಬಂದರು. ಖಾಲಿ ಕಾಗದದೊಳಗಿಂದ, ನೀರಿನೊಳಗೆ, ಯಾರೂ ಬರೆಯದೆ, ಒಂದು ಮುಖ ಬರುತ್ತಿತ್ತು!

ಕಪ್ಪು ಬಿಳುಪು ಅದಲುಬದಲಾಗಿತ್ತು, ಅದು ಹಾಗೇ ಅಂತೆ. ಅತ್ತೆ ಬಗ್ಗಿ ನೋಡಿ, "ಇದೇ ಇರಲಿ, ಕೂದಲು ಕಪ್ಪಗಿದೆ," ಅಂದರು. ಮುಖವೂ ಕಪ್ಪಗಿದೆ ಅಂತ ನನ್ನವಳು ತೋರಿಸಿದ ಮೇಲೆ ಒಪ್ಪಿ, ಅದರ ಮೇಲೆ ಇನ್ನೊಂದು ಹಾಳೆ ಒತ್ತಿ ಬೆಳಕು ಹಾಯಿಸಿ ಸರಿಯಾದದ್ದನ್ನು ಮಾಡಿದೆವು.

ಅದನ್ನು ಒಣಗಿಸಿ ಹಾಲಿಗೆ ತಂದು ನೋಡಿದರೆ, ಬೀದಿ ಖಾಲಿ! ಸೈಕಲ್ಲುಗಳಿಲ್ಲ, ದಾರಿಹೋಕರಿಲ್ಲ, ಅಷ್ಟು ದೊಡ್ಡ ಬಸ್ಸಿನ ಒಂದು ಮಸುಕು ಗೆರೆಯೂ ಇಲ್ಲ. ಓಡಾಡಿದ್ದೆಲ್ಲ ಅಳಿಸಿಹೋಗಿತ್ತು. ಕೂತವರು ಮಾತ್ರ ಉಳಿದಿದ್ದರು. ಮತ್ತೆ ಅತ್ತೆಯ ಕಣ್ಣು? ಕೂತಷ್ಟು ಹೊತ್ತೂ ಅವರು ಎಷ್ಟು ಸಲ ರೆಪ್ಪೆ ಬಡಿದಿದ್ದರೋ! ಆ ಕಣ್ರೆಪ್ಪೆಯ ಆಟವೂ ಬಸ್ಸಿನ ಜೊತೆಗೇ ಅಳಿಸಿಹೋಗಿತ್ತು. ಸ್ವಲ್ಪ ಮಸುಕು, ಆದರೆ ಎರಡೂ ಕಣ್ಣು ತೆರೆದು, ನೇರ ನಮ್ಮನ್ನೇ ನೋಡುತ್ತಿದ್ದವು.

"ಅಮ್ಮಾ," ಅಂದಳು ನನ್ನವಳು, "ನೋಡ್ತಿದ್ದೀಯ ನನ್ನ."

"ನಿನ್ನನ್ನಲ್ಲ ಕಣೇ, ನಿನ್ನ ಗಂಡನ್ನ. ಸಿಟ್ಟಲ್ಲಿ," ಅಂದರು ಅತ್ತೆ. ಆದರೆ ಸೆರಗಿನ ತುದಿ ಕಣ್ಣಿಗೆ ಹೋಯಿತು. "ನಾನು ಹಿಂಗಿದ್ದೀನಾ?" ಅಂತ ಮೆಲ್ಲಗೆ ಕೇಳಿ, ಫೋಟೋವನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ನನಗೋ ನೆಲದ ಮೇಲೆ ಕಾಲು ನಿಲ್ಲಲಿಲ್ಲ! "ನೋಡಿದ್ಯಾ, ಹೇಳಿದ್ದೆ ತಾನೇ? ಫೋಟೋಗ್ರಫಿ ಅಂದ್ರೆ ತಾಳ್ಮೆ! ಈಗ ನನ್ನದೊಂದು ತೆಗೀರಿ, ಅತ್ತೆಯ ಪಕ್ಕದಲ್ಲೇ ತೂಗುಹಾಕೋಣ!" ಅಂದೆ. ಮರುದಿನ ಅಮ್ಮ ಮಗಳು ಕತ್ತಲೆ ಕೋಣೆ ಹೊಕ್ಕರು. ನಾನು ಚಪ್ಪಲಿ ಕಳಚಿಟ್ಟು ರಾಜಗಾಂಭೀರ್ಯದಿಂದ ಬೆಂಚಿನ ಮೇಲೆ ಕೂತೆ. ಚೆನ್ನಾಗೇ ಕೂತೆ! ಹಾಳೆ ನೆಟ್ಟಗೆ ಅಂಟಿಸಿದ್ದೀರಾ ಅಂತ ಕೇಳಲು ಒಮ್ಮೆ ಎದ್ದುಹೋದೆ, ಅಷ್ಟೆ. ಬಿಸಿಲು ಸಾಕಾ ಅಂತ ಕೇಳಲು ಮತ್ತೊಮ್ಮೆ. ಬರಿಗಾಲು ಸುಟ್ಟಿತು ಅಂತ ನೆರಳಿಗೆ ಸ್ವಲ್ಪ. ಲಾಂಡ್ರಿಯವನಿಗೆ ವಿವರಿಸಲು ಇನ್ನೊಂದು ಸ್ವಲ್ಪ.

ಈಗ ನಮ್ಮ ಹಾಲಿನ ಗೋಡೆಯ ಮೇಲೆ ಎರಡು ಫೋಟೋ ಅಕ್ಕಪಕ್ಕ ಇವೆ. ಬಂದವರೆಲ್ಲ ಮೊದಲನೆಯದನ್ನು ನೋಡಿ ಮಾತು ಮರೆತು ನಿಲ್ಲುತ್ತಾರೆ. "ಎಂಥಾ ಕಣ್ಣು! ಯಾರಿವರು?"

"ನಮ್ಮಮ್ಮ," ಅನ್ನುತ್ತಾಳೆ ನನ್ನವಳು ಹೆಮ್ಮೆಯಿಂದ. "ಪಕ್ಕದ್ದು ನಮ್ಮ ಯಜಮಾನ್ರು."

ಬಂದವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಖಾಲಿ ಬೆಂಚಿನ ಉದ್ದಕ್ಕೂ ಹುಡುಕುತ್ತಾರೆ. "ಎಲ್ಲಿದ್ದಾರೆ?"

ಒಳಗಿನಿಂದ ಅತ್ತೆಯ ಧ್ವನಿ ಬರುತ್ತದೆ. "ಬೆಂಚಿನ ಕೆಳಗೆ ನೋಡಿ. ಚಪ್ಪಲಿ ತುಂಬಾ ಚೆನ್ನಾಗಿ ಬಂದಿದೆ."